ಪೆನ್ಸಿಲ್ ಅಕ್ಕನ ಎರಡನೇ ಕುರ್ಚಿ

ಬೆಳಗಿನ ಆರೂಕಾಲು. ತೆರಿಗೆ ಕಚೇರಿಯ ಬಾಗಿಲು ತೆರೆಯಲು ಇನ್ನೂ ಮೂರು ಗಂಟೆಗಳಿವೆ. ಹೊರಗೆ ಮೆಟ್ಟಿಲ ಕೆಳಗಿನ ಇಕ್ಕಟ್ಟು ಜಾಗದಲ್ಲಿ ಮಾತ್ರ ಬಲ್ಬು ಉರಿಯುತ್ತಿದೆ. ಒಂದು ಮೇಜು, ಒಂದು ಸ್ಟೂಲು, ಎದುರಿಗೆ ಒಂದೇ ಕುರ್ಚಿ. ಸ್ಟೂಲಿನ ಮೇಲೆ ಕುಳಿತ ಐವತ್ತೆಂಟರ ಹೆಂಗಸು ಬ್ಲೇಡು ಹಿಡಿದು ಪೆನ್ಸಿಲ್ ಚೂಪು ಮಾಡುತ್ತಿದ್ದಾರೆ. ನಿವೃತ್ತರ ಅರ್ಜಿ ತುಂಬಿಕೊಡುವುದು ಇವರ ಕೆಲಸ. ಹೆಸರೇನೆಂದು ಕೇಳಿದರೆ ಕಚೇರಿಯ ಕಾವಲುಗಾರನೂ ತಲೆ ಕೆರೆದುಕೊಳ್ಳುತ್ತಾನೆ. ಎಲ್ಲರಿಗೂ ಇವರು ಪೆನ್ಸಿಲ್ ಅಕ್ಕ.

ಇಂದಿನ ಮೊದಲ ಗಿರಾಕಿ ಬಸ್ ಚಾಲಕ. ತಿಂಗಳ ಕೊನೆಗೆ ನಿವೃತ್ತಿ. ಮೂವತ್ತು ವರ್ಷ ಸಂಬಳದಿಂದ ಹಿಡಿದಿಟ್ಟ ನಿಧಿಯನ್ನು ಪಡೆಯುವ ಅರ್ಜಿ ನಾಳೆ ಸಂಜೆ ನಾಲ್ಕರೊಳಗೆ ಕಚೇರಿ ಸೇರಬೇಕು. ಏಳಕ್ಕೆ ಮೊದಲ ಟ್ರಿಪ್ಪು ಬೇರೆ ಇದೆ.

"ಬೇಗ ಬರೆದುಕೊಡಿ ಅಕ್ಕ. ಅಷ್ಟನ್ನೂ ಒಟ್ಟಿಗೆ ತಗೊಂಡು ಮನೆ ಮೇಲೊಂದು ಮಹಡಿ ಎತ್ತಬೇಕು."

ಅಕ್ಕ ಅವಸರಕ್ಕೆ ಬಗ್ಗುವವರಲ್ಲ. ಕೆಲಸಕ್ಕೆ ಸೇರಿದಾಗಿನ ಹಳೇ ಕಾಗದ ಬಿಡಿಸಿ, ನಾಮಿನಿಯ ಸಾಲಿನ ಮೇಲೆ ಬೆರಳಿಡುತ್ತಾರೆ. ಅಲ್ಲಿರುವುದು ಚಾಲಕನ ತಾಯಿಯ ಹೆಸರು.

"ಅಮ್ಮ ಹೇಗಿದ್ದಾರೆ?"

"ಅಮ್ಮ ಹೋಗಿ ಹದಿನಾರು ವರ್ಷ ಆಯ್ತಲ್ಲ."

"ಮತ್ತೆ, ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಈ ದುಡ್ಡು ಯಾರಿಗೆ?"

"ಬಿಡ್ತು ಅನ್ನಿ! ನನ್ನ ಹೆಂಡ್ತಿಗೆ. ಇನ್ಯಾರಿಗೆ?"

"ಹಾಗಂತ ಎಲ್ಲಿ ಬರೆದಿದ್ದೀರಿ?"

ಚಾಲಕ ಹಳೇ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಹುಡುಕುತ್ತಾರೆ. ಸರಿ, ಹೆಂಡತಿಯ ಹೆಸರು ಸೇರಿಸೋಣ, ಹುಟ್ಟಿದ ದಿನ ಹೇಳಿ ಎಂದರೆ ಅದೂ ಗೊತ್ತಿಲ್ಲ. ತಮ್ಮ ರೂಟಿನ ಮೂವತ್ತೆಂಟು ಸ್ಟಾಪುಗಳನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲ ಮನುಷ್ಯ! ನಗಬೇಡಿ. ಹೋದ ವರ್ಷ ಇದೇ ಕುರ್ಚಿಯಲ್ಲಿ ಕುಳಿತಿದ್ದ ನನಗೂ ಗೊತ್ತಿರಲಿಲ್ಲ.

ಅಕ್ಕ ಇಡೀ ಅರ್ಜಿಯನ್ನು ಪೆನ್ಸಿಲಿನಲ್ಲಿ ತುಂಬಿ, ಅಂಚಿನಲ್ಲಿ ಎರಡು ಸಾಲು ಬರೆದು ಕೈಗಿಡುತ್ತಾರೆ. ಇವತ್ತು ಪೆನ್ಸಿಲ್, ನಾಳೆ ಪೆನ್ನು. ಇದು ಅವರು ಮುರಿಯದ ನಿಯಮ.

"ಮನೆಯವರಿಗೆ ಓದಿ ಹೇಳಿ. ಒಂದು ರಾತ್ರಿ ಮಲಗೆದ್ದು ಬನ್ನಿ."

"ನಾಳೆ ಕೊನೇ ದಿನ ಅಕ್ಕ! ಒಳ್ಳೇ ಜೀವ ತಿಂತೀರಲ್ಲ."

"ನಾಲ್ಕು ಗಂಟೆ ತನಕ ಟೈಮಿದೆ. ನಾನೆಲ್ಲೂ ಓಡಿಹೋಗಲ್ಲ."

ಗೊಣಗುತ್ತಲೇ ಚಾಲಕ ಬಸ್ಸಿನ ಕಡೆ ನಡೆಯುತ್ತಾರೆ.

ಈ ಹಟ ಅಕ್ಕನಿಗೆ ಸುಮ್ಮನೆ ಬಂದದ್ದಲ್ಲ. ಅವರ ಅಪ್ಪ ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಿದ್ದವರು. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದಾಗ ನಾಮಿನಿ ಎಂದು ತಮ್ಮ ಅಣ್ಣನ ಹೆಸರು ಕೊಟ್ಟಿದ್ದರು. ಆ ಅಣ್ಣ ಮೊದಲೇ ತೀರಿಕೊಂಡರು. ಅಕ್ಕನಿಗೆ ಹನ್ನೊಂದಾದಾಗ ಅಪ್ಪನೂ ಹೋದರು. ಅಮ್ಮ ಮಗಳ ಕೈ ಹಿಡಿದು ಆರು ವರ್ಷ ಕಚೇರಿಗಳನ್ನು ಅಲೆದರು. ಬೆಂಚಿನ ಮೇಲೆ ಕಾಯುತ್ತಾ, ಗೋಡೆಗೆ ಅಂಟಿಸಿದ ನಮೂನೆಗಳನ್ನು ಓದಿ ಓದಿಯೇ ಹುಡುಗಿ ಈ ವಿದ್ಯೆ ಕಲಿತದ್ದು.

"ಅಪ್ಪ ಅಮ್ಮನನ್ನ ಕಣ್ಣಲ್ಲಿಟ್ಟು ನೋಡ್ಕೊಂಡ್ರು. ಆದ್ರೆ ಕಾಗದದಲ್ಲಿ ಅಮ್ಮ ಎಲ್ಲೂ ಇರ್ಲಿಲ್ಲ" ಎನ್ನುತ್ತಾರೆ ಅಕ್ಕ. "ಕೊನೆಗೆ ದುಡ್ಡು ಬಂತು. ಎಲ್ಲಾ ಒಂದೇ ವರ್ಷದ ಆದಾಯ ಅಂತ ಹಿಡಿದು ದೊಡ್ಡ ತೆರಿಗೆ ಕತ್ತರಿಸಿದ್ರು. ಎರಡು ಕಂತಲ್ಲಿ ತಗೋಬಹುದಿತ್ತು ಅಂತ ಹೇಳೋರೇ ಇರ್ಲಿಲ್ಲ."

ಆ ಹೇಳುವವರು ಈಗ ಮೆಟ್ಟಿಲ ಕೆಳಗೆ ಕೂರುತ್ತಾರೆ, ಇಪ್ಪತ್ತಾರು ವರ್ಷಗಳಿಂದ. ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಅರ್ಜಿ, ವಾರಕ್ಕೆ ಮೂರು ಪೆನ್ಸಿಲ್, ತಿಂಗಳಿಗೊಂದು ರಬ್ಬರು. ಒಂದು ಅರ್ಜಿಗೆ ಎರಡು ಚಹಾದ ದುಡ್ಡು ತಗೊಳ್ಳುತ್ತಾರೆ. ಇದುವರೆಗೆ ಎಷ್ಟು ನಾಮಿನಿ ತಿದ್ದಿಸಿದ್ದೀರಿ ಎಂದು ಕೇಳಿದೆ. "ಲೆಕ್ಕ ಇಟ್ರೆ ಅದಕ್ಕೂ ತೆರಿಗೆ ಹಾಕ್ತಾರೆ, ಸುಮ್ನಿರಿ" ಎಂದು ನಕ್ಕರು.

ಮರುದಿನ ಆರೂವರೆಗೆ ಚಾಲಕ ಬರುತ್ತಾರೆ. ಜೊತೆಗೆ ಹೆಂಡತಿ, ಅವರ ಕೈಯಲ್ಲಿ ಪೆನ್ಸಿಲಿನ ಅರ್ಜಿ. ಇರುವ ಒಂದು ಕುರ್ಚಿಯಲ್ಲಿ ಅವರನ್ನು ಕೂರಿಸಿ, ಗಂಡ ಗೋಡೆಗೊರಗಿ ನಿಲ್ಲುತ್ತಾರೆ.

"ಬದುಕಿದ್ದಾಗಲೂ ಬೀರುವಿನ ಬೀಗದ ಕೈ ಅತ್ತೆ ಹತ್ರಾನೇ ಇತ್ತು. ಹೋದ ಮೇಲೂ ಅವರ ಹತ್ರಾನೇನಾ?" ಎನ್ನುತ್ತಾರೆ ಹೆಂಡತಿ. ನಂತರ ಅಂಚಿನ ಸಾಲುಗಳಿಗೆ ಬೆರಳಿಡುತ್ತಾರೆ. "ಅರ್ಧ ಈಗ, ಅರ್ಧ ಹೊಸ ತೆರಿಗೆ ವರ್ಷಕ್ಕೆ ತಗೊಂಡ್ರೆ ತೆರಿಗೆ ಕಡಿಮೆ ಬೀಳತ್ತೆ ಅಂತ ಅಕ್ಕ ಬರೆದಿದ್ದಾರೆ. ಮಹಡಿಗೆ ಏನವಸರ? ಇರೋ ಮನೆ ಗುಡಿಸೋಕೇ ನನಗೆ ಸೊಂಟ ಬಿದ್ದುಹೋಗತ್ತೆ."

"ಅವಳು ಹೇಳಿದ ಹಾಗೇ ಬರೀರಿ ಅಕ್ಕ" ಎನ್ನುತ್ತಾರೆ ಚಾಲಕ.

ಅಕ್ಕ ಪೆನ್ನು ತೆಗೆಯುತ್ತಾರೆ. ತಮ್ಮ ಹೆಸರು ಶಾಯಿಯಲ್ಲಿ ಮೂಡುವುದನ್ನು ಚಾಲಕರ ಹೆಂಡತಿ ಕಣ್ಣು ಮಿಟುಕಿಸದೆ ನೋಡುತ್ತಾರೆ. ಆಮೇಲೆ ಅಕ್ಕನ ಕೈ ಹಿಡಿದು, "ನಿಮ್ಮ ಹೊಟ್ಟೆ ತಣ್ಣಗಿರಲಿ" ಎನ್ನುತ್ತಾರೆ. ಹೋದ ವರ್ಷ ನಮ್ಮ ಮನೆಯವರೂ ಇದೇ ಮಾತನ್ನು ಹೇಳಬೇಕಿತ್ತು. ನಾನು ಕರೆದುಕೊಂಡು ಬಂದಿರಲಿಲ್ಲ.

ನಿಮಗೆ ಏನು ಬೇಕು ಎಂದು ಅಕ್ಕನನ್ನು ಕೇಳುತ್ತೇನೆ.

"ಇನ್ನೊಂದು ಕುರ್ಚಿ" ಎನ್ನುತ್ತಾರೆ. "ಒಂದೇ ಇದ್ರೆ ಗಂಡಸರು ಒಬ್ಬರೇ ಬರ್ತಾರೆ."

ಎರಡು ವಾರ ಕಳೆದು ಮತ್ತೆ ಹೋದಾಗ ಮೇಜಿನ ಎದುರು ಕುರ್ಚಿಯೇ ಇಲ್ಲ. ಅಲ್ಲೊಂದು ಹಳೇ ಬಸ್ಸಿನ ಜೋಡಿ ಸೀಟು. ಮಾಜಿ ಚಾಲಕ ಮಂಡಿಯೂರಿ ಅದರ ಕಾಲಿಗೆ ಬೋಲ್ಟು ಬಿಗಿಯುತ್ತಿದ್ದಾರೆ. ಡಿಪೋದ ಗುಜರಿ ಹರಾಜಿನಲ್ಲಿ ಕೊಂಡು ತಂದದ್ದಂತೆ.

"ರಸೀದಿ ಇದೆಯಾ?" ಅಕ್ಕನ ಮೊದಲ ಪ್ರಶ್ನೆ. ಚಾಲಕ ಜೇಬಿನಿಂದ ತೆಗೆದು ತೋರಿಸುತ್ತಾರೆ. ಅಕ್ಕ ಅದನ್ನು ಪೂರ್ತಿ ಓದಿ, ಮಡಿಸಿ, ಪೆನ್ಸಿಲ್ ಡಬ್ಬಿಯ ತಳದಲ್ಲಿಟ್ಟುಕೊಳ್ಳುತ್ತಾರೆ.

ಅಷ್ಟರಲ್ಲಿ ಕಂಕುಳಲ್ಲಿ ಫೈಲು ಇಟ್ಟುಕೊಂಡ ಹಿರಿಯರೊಬ್ಬರು ಬಂದು ಸೀಟಿನ ನಡುವೆ ಕೂರುತ್ತಾರೆ. ಅಕ್ಕ ಪೆನ್ಸಿಲ್ ಕೆಳಗಿಡುತ್ತಾರೆ.

"ಸ್ವಲ್ಪ ಆ ಕಡೆ ಸರಿದು ಕೂತ್ಕೊಳ್ಳಿ ಯಜಮಾನ್ರೇ" ಎನ್ನುತ್ತಾರೆ. "ಈ ಕಡೆ ನಿಮ್ಮ ಮನೆಯವರ ಜಾಗ."