ಮಡಚಬಾರದಿದ್ದ ತುದಿ

ಗಂಗೊಳ್ಳಿಯ ದೋಣಿ ಕಡವಿನಲ್ಲಿ ಕಾಯುತ್ತಿದ್ದೆ. ದೋಣಿ ಇನ್ನೂ ಆಚೆ ದಡದಲ್ಲಿತ್ತು. ಪಕ್ಕದಲ್ಲಿ ಮೀನು ಮಾರಿ ಮುಗಿಸಿದ ಹೆಂಗಸೊಬ್ಬಳು ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಕೂತು, ನಾವುಂದದ ಕಡಲಂಚಿನಲ್ಲಿ ಹೆಕ್ಕಿದ ನುಣುಪು ಕಲ್ಲಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ತೂತು ಕೊರೆಯದೆ, ಬರೀ ಸುತ್ತಿನಲ್ಲೇ ಕಲ್ಲು ಪದಕವಾಗುತ್ತಿತ್ತು. ಅವಳ ಕೊರಳಲ್ಲಿ ಅಂಥವೇ ನಾಲ್ಕಿದ್ದವು.

ನೋಡಲು ಕೇಳಿದೆ, ಕೊಟ್ಟಳು. ತಂತಿಯ ತುದಿ ಹೊರಗೆ ಚಾಚಿತ್ತು. ಕೇಳದೆ ಉಪಕಾರ ಮಾಡುವುದು ನನ್ನ ಹಾಳು ಚಟ. ಚುಚ್ಚೀತೆಂದು ಉಗುರಿನಿಂದ ಒಳಕ್ಕೆ ಮಡಚಿಬಿಟ್ಟೆ.

“ಹ್ವಾಯ್, ಎಂತ ಮಾಡ್ರಿ! ಅದ್ ನಮ್ಮನಿಯವ್ರ್ ಬಂದ್ ಮಡ್ಚೂದ್!”

ಆಮೇಲೆ ಅವಳೇ ಹೇಳಿದಳು: ಗಂಡ ಹಡಗಿನ ಖಲಾಸಿ. ಅವನು ಹೊರಟಾಗಲೆಲ್ಲ ಇವಳೊಂದು ಕಲ್ಲಿಗೆ ತಂತಿ ಸುತ್ತಿಡುತ್ತಾಳೆ. ಬಂದವನು ತುದಿ ಮಡಚಿ ಇವಳ ಕೊರಳಿಗೆ ಹಾಕುತ್ತಾನೆ. ಈ ಸಲ ಹಡಗು ಯುದ್ಧಕ್ಕೆ ಹೋಗಿದೆ.

“ಅವರು ಹೋಗಿಯಾಯಿತಲ್ಲ, ಮತ್ತೆ ಈಗ ಸುತ್ತುತ್ತಿರುವುದೇಕೆ?” ಎಂದೆ.

“ಮಳ್ಗಾಲಕ್ಕೆ ತಂತಿ ಹಸ್ರ್ ಆತ್ತ್. ಬಿಚ್ಚಿ, ಹುಣ್ಸೆಹುಳಿ ಹಾಕಿ ತಿಕ್ಕಿ, ಮತ್ತೆ ಸುತ್ತೂದ್. ಈ ಕಲ್ಲಿಗ್ ಇದ್ ಮೂರ್ನೇ ಸಲ.”

ದೋಣಿ ಬಂತು. ಹತ್ತಿ ಕೂತು ತಿರುಗಿ ನೋಡಿದೆ. ನಾನು ಮಡಚಿದ ತುದಿಯನ್ನು ಅವಳು ಹಲ್ಲಿನಲ್ಲಿ ಹಿಡಿದು ನೇರ ಮಾಡುತ್ತಿದ್ದಳು, ಮೆಲ್ಲಗೆ, ಮುರಿಯದ ಹಾಗೆ.