ಗಡುಸು ಕಿರಣ

ನಮ್ಮ ಎಕ್ಸ್‌ರೇ ಸಾಹೇಬರ ಎಡಗೈಯಲ್ಲಿ ಎರಡು ಬೆರಳಿಗೆ ಉಗುರೇ ಇರಲಿಲ್ಲ. ಉಳಿದ ಮೂರರ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಪ್ಪಗೆ ಸುಕ್ಕುಗಟ್ಟಿತ್ತು. ಬೆಳಗ್ಗೆ ಮೊದಲ ರೋಗಿ ಬರುವ ಮುಂಚೆ ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ಅವರು ಆ ಕೈಯನ್ನೇ ಕಿರಣಕ್ಕೆ ಒಡ್ಡಿ, ಹೊಳೆಯುವ ಪರದೆಯಲ್ಲಿ ತಮ್ಮ ಮೂಳೆ ನೋಡಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಹೀಗೇ. ಒಮ್ಮೆ ನಾನೂ ಕೈ ಚಾಚಿದ್ದಕ್ಕೆ ಫಟ್ಟನೆ ಏಟು ಬಿತ್ತು.

"ತೆಗಿ! ಈ ರೂಮಿಗೆ ಒಂದು ಕೈ ಸುಟ್ಟಿದ್ದು ಸಾಕು."

ಅರವತ್ತರ ಹತ್ತಿರ ಬಂದಿರುವ ನನ್ನ ಹತ್ತೂ ಬೆರಳು ಇವತ್ತು ನೆಟ್ಟಗಿದ್ದರೆ ಅದು ಆ ಏಟಿನ ಪುಣ್ಯ.

ಶಿರಾದಲ್ಲಿ ಒಬ್ಬ ಡಾಕ್ಟರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಅದು. ನಾನು ಬರಗೂರಿನಿಂದ ಬಸ್ಸಿನಲ್ಲಿ ಬಂದು ಫಿಲ್ಮ್ ತೊಳೆಯುತ್ತಿದ್ದೆ. ಸಾಹೇಬರು ಹರೆಯದಲ್ಲಿ ಹೈದರಾಬಾದಿನಲ್ಲಿ, ಆಕಾಶದಿಂದ ಬರುವ ಎಕ್ಸ್‌ರೇ ಅಳೆಯುವ ಪೆಟ್ಟಿಗೆಗಳನ್ನು ದೊಡ್ಡ ಬಲೂನಿಗೆ ಕಟ್ಟಿ ಹಾರಿಸಿದವರು. ಆ ಹುಚ್ಚು ಬಿಟ್ಟಿರಲಿಲ್ಲ. ಎಂಬತ್ತೇಳರಲ್ಲಿ ದಕ್ಷಿಣದ ಕಡೆ ನಕ್ಷತ್ರವೊಂದು ಸಿಡಿಯಿತೆಂದು ಪೇಪರಿನಲ್ಲಿ ಬಂತು. ನಮ್ಮ ಕಡೆ ಅದು ಆಕಾಶದ ಅಂಚಿನ ಧೂಳಿನಲ್ಲೇ ಮುಳುಗಿಹೋಗುತ್ತಿತ್ತು, ಕಾಣುತ್ತಲೇ ಇರಲಿಲ್ಲ. ಆದರೂ ಮನೆಯವರ ಕಾಯಿಲೆ ವಿಚಾರಿಸುವಂತೆ ಅದನ್ನು ದಿನಾ ವಿಚಾರಿಸೋರು.

"ಸತ್ತು ಮೂರು ತಿಂಗಳಾಯ್ತು ಬೇಟಿ. ಆರೋದು ಬಿಟ್ಟು ಇನ್ನೂ ಜಾಸ್ತಿ ಬೆಳಗ್ತಾ ಐತೆ. ಒಳಗೆ ಯಾವುದೋ ಕೆಂಡ ಐತೆ. ಎಕ್ಸ್‌ರೇ ಬಂದ್ರೆ ಅದೇನಂತ ಗೊತ್ತಾಗ್ತದೆ."

ಕಾಲು ಉಳುಕಿಸಿಕೊಂಡು ಬಂದಿದ್ದ ಕಳ್ಳಂಬೆಳ್ಳದ ಕುರಿಯಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಚುಕ್ಕಿಗೂ ಎಕ್ಸ್‌ರೇನಾ ಸಾಬ್ರೇ? ಅದೇನು ಕಾಲು ಮುರ್ಕಂಡೈತಾ?"

"ಎದೆ ಒಡ್ಕೊಂಡೈತೆ ಕಣಮ್ಮ," ಅಂದರು ಸಾಹೇಬರು, ನಗದೆ.

ಆಮೇಲೆ ನನಗೆ ವಿವರಿಸಿದರು. ದಪ್ಪ ಮೈಯವರಿಗೆ ನಾವು ವೋಲ್ಟೇಜು ಏರಿಸುತ್ತೇವಲ್ಲ, ಹಾಗೆ. ಮೆತ್ತಗಿನ ಕಿರಣ ಮಾಂಸದಲ್ಲೇ ಉಳಿದುಬಿಡುತ್ತದೆ, ಗಡುಸಾದದ್ದು ಮಾತ್ರ ತೂರಿ ಆಚೆ ಬರುತ್ತದೆ. ಆ ನಕ್ಷತ್ರದಿಂದ ಗಡುಸು ಕಿರಣ ಬಂದರೆ ಬೆಂಕಿ ಅದರ ಹೊಟ್ಟೆಯೊಳಗಿನದೇ.

ಆಷಾಢದ ಹೊತ್ತಿಗೆ ಸಾಹೇಬರು ಹಾಸಿಗೆ ಹಿಡಿದರು. ರಕ್ತವೇ ಕೆಟ್ಟಿದೆ ಎಂದರು ಡಾಕ್ಟರು. ದಿನಾ ಬೆಳಗ್ಗೆ ಬಸ್ಸಿಳಿದವಳೇ ಅವರ ಮನೆಗೆ ಹೋಗುತ್ತಿದ್ದೆ. ಆ ನಕ್ಷತ್ರದ ಎಕ್ಸ್‌ರೇ ಬಗ್ಗೆ ದಿನಾ ಒಂದೇ ಪ್ರಶ್ನೆ: "ಬಂತಾ?" ಇಲ್ಲ, ಇಲ್ಲ ಅಂತಲೇ ಹೇಳುತ್ತಿದ್ದೆ. ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ. "ಬಂತು ಸಾಹೇಬ್ರೇ! ಪೇಪರಿನಲ್ಲಿ ಹಾಕವ್ರೆ."

ಎದ್ದು ಕೂರಲು ಹೋದರು. "ಮೆತ್ತಗಿಂದೋ, ಗಡುಸೋ?"

ಬಾಯಿಗೆ ಬಂದದ್ದನ್ನು ಹೇಳಿದೆ. "ಗಡುಸು."

ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ಅಷ್ಟು ನೆಮ್ಮದಿಯ ಮುಖ ನಾನು ಮತ್ತೆ ನೋಡಿಲ್ಲ. ಆಮೇಲೆ ಕೈ ಚಾಚಿದರು. "ಎಲ್ಲಿ, ಪೇಪರ್ ಕೊಡು."

"ಬಸ್ಸಲ್ಲಿ ಮರ್ತು ಬಂದ್ಬುಟ್ಟೆ. ನಾಳೆ ತರ್ತೀನಿ."

ಮಾರನೆಯ ದಿನ ಯಾವ ಮುಖ ಹೊತ್ತು ಹೋಗಲಿ? ಜ್ವರವೆಂದು ಹೇಳಿಕಳಿಸಿ ಮನೆಯಲ್ಲೇ ಕೂತೆ. ಹೇಡಿ ನಾನು, ಶುದ್ಧ ಹೇಡಿ. ಅವತ್ತು ಸಂಜೆ ಸಾಹೇಬರು ಹೋದರು.

"ಕೊನೇ ತನಕ ಬಾಗಿಲೇ ನೋಡ್ತಿದ್ರು," ಅಂದರು ಅವರ ಹೆಂಡತಿ. "ಹುಡುಗಿ ಬಂದ್ಳಾ, ಪೇಪರ್ ತಂದ್ಳಾ ಅಂತ ಕೇಳ್ತಾನೇ ಇದ್ರು."

ಕೆಲವು ವಾರಗಳಾದ ಮೇಲೆ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಉಪಗ್ರಹಗಳಿಗೆ ಆ ನಕ್ಷತ್ರದ ಎಕ್ಸ್‌ರೇ ಸಿಕ್ಕಿದೆ. ಗಡುಸು ಕಿರಣ. ಪೇಪರ್ ಹಿಡಿದುಕೊಂಡು ಅವರ ಮನೆಗೆ ಓಡಿದೆ. ಯಾಕೆ ಓಡಿದೆನೋ, ಯಾರಿಗೆ ತೋರಿಸಲು ಓಡಿದೆನೋ. ಬಾಗಿಲು ತೆರೆದ ಆ ತಾಯಿ ಮೊದಲು ನನ್ನ ಕೈ ನೋಡಿದರು, ಆಮೇಲೆ ನನ್ನ ಮುಖ.

"ಈಗ ತಂದ್ಯಾ, ಬೇಟಿ?"