ಒಣದ್ರಾಕ್ಷಿ ಶೆಡ್ಡಿನಲ್ಲಿ ಮಾಡಿದ ಜಂಟಿ ಆಲ್ಬಂ

ನಮ್ಮದು ಪ್ರಯೋಗಶೀಲ ರಾಕ್ ಬ್ಯಾಂಡು. ಅಂದರೆ, ನೆಟ್ಟಗೆ ನುಡಿಸಲು ಬಾರದ ಸಂಬಳದ ಜನ ನಾವು ವಿಜಯಪುರದ ಅಥಣಿ ರಸ್ತೆಯ ಒಂದು ಮಾಳಿಗೆಯ ಮೇಲೆ ಭಾನುವಾರಕ್ಕೊಮ್ಮೆ ಸೇರಿ ಗದ್ದಲ ಎಬ್ಬಿಸುತ್ತಿದ್ದೆವು. ಕೆಳಗಿನ ಮನೆಯ ಮಾಸ್ತರರು ಒಮ್ಮೆ ಮೇಲೆ ಬಂದು, ಏನಾದರೂ ರಿಪೇರಿ ನಡೆದಿದೆಯೇ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ನಾನು ಬ್ಯಾಂಕಿನ ಗುಮಾಸ್ತ, ಬ್ಯಾಂಡಿನಲ್ಲಿ ಗಿಟಾರು. ನಿಜವಾಗಿ ಬಾರಿಸಬಲ್ಲವನು ಒಬ್ಬನೇ ಇದ್ದ, ಡ್ರಮ್ಮಿನವನು. ಸಾಲಿ ಕಲಿಯುವಾಗಿನಿಂದಲೂ ನನ್ನ ಗೆಳೆಯ. ಎರಡು ವರ್ಷದ ಹಿಂದೆ ಅವನು ಕಾರಣ ಹೇಳದೆ ಬಿಟ್ಟುಹೋಗಿ, ತನ್ನೂರು ಬಬಲೇಶ್ವರದಲ್ಲಿ ಬೇರೆ ಬ್ಯಾಂಡು ಕಟ್ಟಿದ.

ಅವರ ಪ್ರಯೋಗವೋ, ದೇವರೇ ಕಾಪಾಡಬೇಕು! ಕುರಿಯ ಗಂಟೆ, ಔಷಧ ಹೊಡೆಯುವ ಪಂಪು, ಖಾಲಿ ನೀರಿನ ಟಾಕಿ. ಅದನ್ನೂ ನಾಲ್ಕು ಜನ ಹೊಗಳಿದರು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಎರಡೂ ಬ್ಯಾಂಡು ಕೂಡಿ ಒಂದೇ ಒಂದು ಆಲ್ಬಂ ಮಾಡೋಣ ಎಂದು ನಾನೇ ಹೇಳಿ ಕಳಿಸಿದೆ. ಕಲೆಗಾಗಿ ಎಂದು ಎಲ್ಲರೆದುರು ದೊಡ್ಡ ಮಾತಾಡಿದೆ. ಕಲೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಅವನು ವಾಪಸು ಬರಬೇಕಿತ್ತು, ಅಷ್ಟೇ.

ತಿಕೋಟಾದಲ್ಲಿ ಅವರ ಕಡೆಯವನೊಬ್ಬನ ಒಣದ್ರಾಕ್ಷಿ ಶೆಡ್ಡು ಇತ್ತು. ಹಂಗಾಮು ಮುಗಿದು ದ್ರಾಕ್ಷಿ ಹರವುವ ಜಾಳಿಗೆಗಳು ಖಾಲಿ ಬಿದ್ದಿದ್ದವು. ನೆಲವೆಲ್ಲ ಇನ್ನೂ ಅಂಟು. ಅಲ್ಲಿ ಮೂರು ದಿನ ರೆಕಾರ್ಡ್ ಮಾಡಿದೆವು. ಅವರು ಒಂದು ಬದಿ, ನಾವು ಇನ್ನೊಂದು ಬದಿ, ಎದುರುಬದುರು ಕುಳಿತೆವು. ಕೆಟ್ಟದ್ದೇ ಅಲ್ಲಿ. ನಮ್ಮ ಸೀಮೆಯಲ್ಲಿ ಎರಡು ಮೇಳ ಎದುರುಬದುರು ಕುಳಿತವೆಂದರೆ ಅದು ಹರದೇಶಿ-ನಾಗೇಶಿ ಹಾಡಿಕೆಯೇ ಸೈ: ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಅದನ್ನು ಕೆಡವಬೇಕು. ಯಾರೂ ಹೇಳಿಕೊಡಬೇಕಾಗಲಿಲ್ಲ. ಅವರು ಟಾಕಿ ಬಡಿದು ನಿಲ್ಲಿಸಿದರು, ನಾವು ಗಿಟಾರು ಕಿರುಚಿಸಿ ಉತ್ತರ ಕೊಟ್ಟೆವು. ಅವರು ಪಂಪು ಹೊಡೆದರು, ನಾವು ಇನ್ನೂ ಜೋರು ಮಾಡಿದೆವು. ತೋಟದ ಆಳುಗಳು ಬಾಗಿಲಲ್ಲಿ ನಿಂತು ಯಾರು ಗೆದ್ದರು ಎಂದು ಕೇಳಿ ಹೋಗುತ್ತಿದ್ದರು. ನಾವೇ ಎಂದು ನಾನು ಹೇಳುತ್ತಿದ್ದೆ.

ರೆಕಾರ್ಡಿಂಗನ್ನು ವಿಜಯಪುರಕ್ಕೆ ತಂದು, ಸ್ಟೇಷನ್ ರಸ್ತೆಯಲ್ಲಿ ಮದುವೆಯ ವಿಡಿಯೋ ಜೋಡಿಸುವವನ ಅಂಗಡಿಯಲ್ಲಿ ಕುಳಿತು ಪೂರ್ತಿ ಕೇಳಿದೆವು. ನಲವತ್ತು ನಿಮಿಷದ ಜಂಟಿ ಆಲ್ಬಮ್ಮಿನಲ್ಲಿ ಎರಡು ಬ್ಯಾಂಡು ಒಟ್ಟಿಗೆ ನುಡಿಸಿದ್ದು ಒಂದು ಕ್ಷಣವೂ ಇರಲಿಲ್ಲ! ನೀವು ಬೇರೆ ಬೇರೆ ದಿನ ಹೋಗಿದ್ದಿರೇನು ಎಂದು ಅಂಗಡಿಯವನು ಕೇಳಿದ. ನಮ್ಮ ಬ್ಯಾಂಡಿನ ಪಂಡಿತರು ತಲೆ ಕೆರೆದುಕೊಂಡು, ಇದನ್ನೇ ಎರಡು ಬ್ಯಾಂಡುಗಳ ಸಂವಾದ ಎಂದು ಕರೆದರಾಯಿತು ಎಂದರು. ಕರೆದೂ ಬಿಟ್ಟರು. ಮುಂದೆ ಆಲ್ಬಂ ಕೇಳಿದ ಹತ್ತಿಪ್ಪತ್ತು ಜನ ಎಂಥ ಸಂವಾದ ಎಂದು ತಲೆದೂಗಿದರು.

ಅವತ್ತೇ ಅಂಗಡಿಯ ಹೊರಗೆ ಚಹಾ ಕುಡಿಯುವಾಗ ಗೆಳೆಯನನ್ನು ಬದಿಗೆ ಕರೆದೆ. ಆದದ್ದು ಆಯಿತು, ವಾಪಸು ಬಾ, ಮೊದಲಿನ ಹಾಗೆ ಕೂಡಿ ಬಾರಿಸೋಣ ಎಂದೆ. ಅವನು ಕಪ್ಪು ಕೆಳಗಿಟ್ಟ. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

“ಹತ್ತು ವರ್ಷ ಬಾರಿಸೇನಿ ನಿನ್ನ ಜೋಡಿ. ಒಂದಿನಾನೂ ನೀ ಕಿವಿಗೊಟ್ಟು ಕೇಳ್ಲಿಲ್ಲ ಲೇ. ನಾ ಯಾವಾಗ ಮುಗಸ್ತೇನಿ ಅಂತ ಕಾಯ್ಕೋತ ಕುಂದರ್ತಿದ್ದಿ. ಶೆಡ್ಡಿನ್ಯಾಗೂ ಹಂಗ ಕುಂತಿದ್ದಿ.”

ಅವನು ಇನ್ನೂ ಏನೋ ಹೇಳುತ್ತಿದ್ದ. ಏನೆಂದು ನನಗೆ ನೆನಪಿಲ್ಲ. ಅವನು ಯಾವಾಗ ಮುಗಿಸುತ್ತಾನೆ ಎಂದು ಕಾಯುತ್ತಿದ್ದೆ. ಉತ್ತರ ಆಗಲೇ ನನ್ನ ಬಾಯಲ್ಲಿತ್ತು.